ಬಿಸಿ ಆರದ ಗೊಬ್ಬರ

ಕೂಸೇ, ವಿನೋಬನಗರದ ಮನೆಯ ಹಿತ್ತಿಲಲ್ಲಿ ಹೊಸದಾಗಿ ಮಾಡಿಸಿದ ಮಡಿಗಳಿಗೆಂದು ತರಿಸಿದ ಒಂದು ಲೋಡ್ ಗೊಬ್ಬರ ಮುಟ್ಟಿದರೆ ಬೆಚ್ಚಗಿದೆ, ಮಾರಿದವನು ಕಳಿತದ್ದೇ ಎನ್ನುತ್ತಾನೆ, ನಾಳೆ ಹರಡಿ ಬದನೆ ಸಸಿ ನೆಡಬಹುದೇ ಎಂದು ನೀನು ಗಾಬರಿಯಿಂದ ಕೇಳಿದ್ದನ್ನು ಈಗಷ್ಟೇ ಕೇಳಿಸಿಕೊಂಡೆ. ಬಿಸಿ ಆರದ ಗೊಬ್ಬರವನ್ನು ಮಡಿಗೆ ಹಾಕಬೇಡ.

ನಾವು ಪಾಲಾಗಿ ಕೆಳಮನೆಗೆ ಬಂದ ವರ್ಷ ನಾನು ಇದೇ ತಪ್ಪು ಮಾಡಿದ್ದೆ. ಕೊಟ್ಟಿಗೆಯಿಂದ ಎತ್ತಿ ಒಂದು ತಿಂಗಳೂ ಆಗಿರದ ಸಗಣಿಗೆ ಅಂಗಳದಲ್ಲಿದ್ದ ಅಡಿಕೆ ಸಿಪ್ಪೆಯನ್ನು ಬೆರೆಸಿ ಮಡಿಗೆ ತುಂಬಿ, ಮರುದಿನವೇ 60 ಬದನೆ ಸಸಿ ನೆಟ್ಟೆ. ಎಲೆ ಹಳದಿಯಾದಾಗ ನೀರು ಸಾಲದೆಂದು ಎರಡು ಹೊತ್ತೂ ನೀರು ಹೊಯ್ದೆ. ಹಸಿ ಸಿಪ್ಪೆ ಮಣ್ಣಿನೊಳಗೆ ಕಳಿಯುವಾಗ ಸಸಿಗೆ ಸಿಗಬೇಕಾದ ಸಾರಜನಕವನ್ನೇ ಎಳೆದುಕೊಳ್ಳುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಕೆಲವು ವಾರಗಳ ಮೇಲೆ, ಬಾಡಿದ ಸಸಿಯೊಂದನ್ನು ಹಿಡಿದೆತ್ತಿದರೆ ಬೇರೇ ಇಲ್ಲದೆ ಬೆಂಕಿಕಡ್ಡಿಯಂತೆ ಕೈಗೆ ಬಂತು. ಬುಡ ಕೆದಕಿದರೆ ಕಂದು ತಲೆಯ ಬಿಳಿ ಗೊಣ್ಣೆಹುಳು ಉಂಗುರದಂತೆ ಮುದುಡಿ ಮಲಗಿತ್ತು. ಗೊಬ್ಬರದ ಬುಟ್ಟಿಯಲ್ಲಿ ಅದನ್ನು ಹೊತ್ತು ತಂದವಳು ನಾನೇ. ಉಳಿದದ್ದು 9 ಸಸಿ. ಮಾರಿದವನ ಮಾತು ಏನೇ ಇರಲಿ, ಬಿಸಿ ಆರದ ಗೊಬ್ಬರವನ್ನು ಹಾಕಬೇಡ.

ನನಗಾದರೂ ಹಸಿ ಸಗಣಿ ಹಾಕುವ ದರ್ದು ಏಕೆ ಬಂತು? ಬೆಟ್ಟದ ಸೊಪ್ಪು ಹೊತ್ತು ತಂದು, ಕೊಟ್ಟಿಗೆಗೆ ಹಾಸಿ, ಮಳೆಗಾಲಕ್ಕೆ ಸೋಗೆ ಮುಚ್ಚಿ, ಹಳೆಮನೆಯ ಗುಂಡಿಯನ್ನು ವರ್ಷ ವರ್ಷ ತುಂಬಿಸಿದವಳು ನಾನು. ಪಾಲುಪಟ್ಟಿಯಲ್ಲಿ ತಾಮ್ರದ ಹಂಡೆಯಿಂದ ಒರಳುಕಲ್ಲಿನವರೆಗೆ ಬರೆದ ಪಂಚರು ಗೊಬ್ಬರವನ್ನು ಮಾತ್ರ ಬರೆಯಲಿಲ್ಲ. ಗುಂಡಿಯ ಜಾಗದೊಂದಿಗೆ ಅದೂ ಮೇಲ್ಮನೆಯ ಪಾಲಾಯಿತು. ಎರಡು ಬುಟ್ಟಿ ಕೇಳಿದ್ದಕ್ಕೆ, ತೋಟಕ್ಕೇ ಸಾಲದು ಎಂಬ ಉತ್ತರ ಬಂತು. ಮೇಲ್ಮನೆಯವರೂ ಈ ಗ್ರೂಪಿನಲ್ಲಿದ್ದಾರೆ, ಕೇಳಿಸಿಕೊಳ್ಳಲಿ.

ಅಯ್ಯೋ, ನೀನು ಕೇಳಿದ್ದು ಮರೆತೇಹೋಯಿತು. ಬೆಳಿಗ್ಗೆ ರಾಶಿಯ ನಡುವಿಗೆ ಮೊಣಕೈವರೆಗೆ ಕೈ ತೂರಿಸಿ ನೋಡು. ಒಳಗೆ ಬಿಸಿಯಿದ್ದರೆ, ಸಗಣಿಯ ವಾಸನೆ ಬಂದರೆ, ಸಿಪ್ಪೆಯ ನಾರು ಕಣ್ಣಿಗೆ ಕಂಡರೆ ಅದು ಇನ್ನೂ ಕಳಿತಿಲ್ಲ. ಕಳಿತ ಗೊಬ್ಬರ ಕಪ್ಪಗಿದ್ದು ಮಣ್ಣಿನ ವಾಸನೆ ಬರುತ್ತದೆ, ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಿ, ಬೆರಳು ತಾಗಿಸಿದರೆ ಉದುರುತ್ತದೆ. ಅನುಮಾನವಿದ್ದರೆ ಒಂದು ಕರಟದಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಅರ್ಧ ಮಣ್ಣು ಅರ್ಧ ಗೊಬ್ಬರ ತುಂಬಿ ಹೆಸರುಕಾಳು ಬಿತ್ತು; ಹತ್ತು ದಿನದಲ್ಲಿ ಎರಡೂ ಒಂದೇ ಸಮ ಬಂದರೆ ಭಯವಿಲ್ಲ. ಆಮೇಲೆ ಮಡಿಯ ಮೇಲೆ ಎರಡು ಅಂಗುಲ ಹರಡಿ, ಮೇಲಿನ ಅರ್ಧ ಅಡಿ ಮಣ್ಣಿಗೆ ಬೆರೆಸಿದರೆ ಸಾಕು. ಈಗಿನ ರಾಶಿಯನ್ನು ಮಳೆ ತಾಗದಂತೆ ಮುಚ್ಚಿ, ಹದಿನೈದು ದಿನಕ್ಕೊಮ್ಮೆ ಮಗುಚಿಸಿ, ಒಣಗಿದ್ದರೆ ನೀರು ಚಿಮುಕಿಸು. ಮಗುಚುವಾಗ ಸಿಕ್ಕಿದ ಹುಳುವನ್ನೆಲ್ಲ ಆರಿಸಿ ತೆಗೆಸು.

ಬದನೆ ಸಸಿ ಅಷ್ಟು ದಿನ ಕಾಯುವುದಿಲ್ಲವಾದ್ದರಿಂದ ನಮ್ಮ ಗುಂಡಿಯ ಹಳೆಯ ಗೊಬ್ಬರವನ್ನು ನಾಲ್ಕು ಚೀಲ ಭಾನುವಾರದ ಬಸ್ಸಿಗೆ ಹಾಕಿಸುತ್ತೇನೆ. ಖಾಲಿ ಚೀಲಗಳನ್ನು ಮಾತ್ರ ವಾಪಸು ಕಳಿಸು, ಹೋದ ಸಲದವು ಇನ್ನೂ ಬಂದಿಲ್ಲ.