ಪದಚರ್ಚೆ: ‘ಲೋಬ್ರೋ ವೆಸ್ಟರ್ನ್ ಕಾಮಿಡಿ’ಗೆ ಕನ್ನಡದಲ್ಲಿ ಏನನ್ನಬೇಕು?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಸಿನಿಮಾ ಪುಟದ ಟಿಪ್ಪಣಿಯೊಂದರಲ್ಲಿ ನಾಲ್ಕು ಪದಗಳು ಹೊಂದುತ್ತಿಲ್ಲ. ಚಿತ್ರ ಹಾಲಿವುಡ್ ನಟ ಆಡಮ್ ಸ್ಯಾಂಡ್ಲರ್ ಅವರ ‘ದಿ ರಿಡಿಕ್ಯುಲಸ್ 6’. ಥಿಯೇಟರಿಗೆಂದು ಮಾಡಿದ್ದಲ್ಲ, 2015ರ ಡಿಸೆಂಬರ್ 11ರಂದು ನೇರವಾಗಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದದ್ದು. ನಿರ್ದೇಶನ ಫ್ರಾಂಕ್ ಕೊರಾಚಿ. ಒಬ್ಬನೇ ಅಪ್ಪ, ಬೇರೆ ಬೇರೆ ತಾಯಂದಿರು, ಹೀಗೆ ಹುಟ್ಟಿದ ಆರು ಮಂದಿ ಒಟ್ಟಾಗಿ ಅಪ್ಪನನ್ನು ಬಿಡಿಸಿಕೊಳ್ಳಲು ಹೊರಡುವ ಕಥೆ. (‘ಮಲಸಹೋದರರು’ ಎಂದು ಬರೆದು ಅಳಿಸಿದೆ. ಅಪ್ಪ ಅಮ್ಮ ಇಬ್ಬರೂ ಬೇರೆಯಾಗಿದ್ದರೂ ಅದೇ ಪದ ನಡೆಯುತ್ತದೆ.) ಇಂಗ್ಲಿಷಿನ ‘ಲೋಬ್ರೋ ವೆಸ್ಟರ್ನ್ ಕಾಮಿಡಿ’ಯನ್ನು ಕನ್ನಡಕ್ಕೆ ತರಲು ಹೋಗಿ ಬರೆದ ಕರಡಿನ ಸಾಲು ಹೀಗಿದೆ:

“ಪಾಶ್ಚಾತ್ಯ ಕೀಳು ಅಭಿರುಚಿಯ ಈ ಹಾಸ್ಯಚಿತ್ರಕ್ಕೆ ಪ್ರೇಕ್ಷಕರಿಂದ ಮಿಶ್ರ ಪ್ರತಿಕ್ರಿಯೆ ವ್ಯಕ್ತವಾದರೂ ಚಿತ್ರ ಜನಪ್ರಿಯವಾಯಿತು.”

ಪಾಶ್ಚಾತ್ಯ, ಕೀಳು ಅಭಿರುಚಿ, ಮಿಶ್ರ ಪ್ರತಿಕ್ರಿಯೆ, ಜನಪ್ರಿಯ. ಈ ನಾಲ್ಕರಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ?

ಉತ್ತರ 1:

ನಾಲ್ಕೂ ಬೀಳುತ್ತವೆ. ಕಾರಣ ಮಾತ್ರ ಒಂದೊಂದಕ್ಕೆ ಒಂದೊಂದು.

‘ಪಾಶ್ಚಾತ್ಯ’ವನ್ನು ಮೊದಲು ತೆಗೆಯಿರಿ. ಪಾಶ್ಚಾತ್ಯ ಅಂದರೆ ನಮ್ಮಲ್ಲಿ ಯುರೋಪು, ಅಮೆರಿಕ ಎಲ್ಲವೂ ಸೇರಿತು. ಇಲ್ಲಿ ವೆಸ್ಟರ್ನ್ ಅನ್ನುವುದು ಒಂದು ಜಾತಿಯ ಸಿನಿಮಾದ ಹೆಸರು: ಕುದುರೆ, ಪಿಸ್ತೂಲು, ದೂಳಿನ ಊರು, ಶೆರೀಫ್. ನಿಮ್ಮ ಸಾಲು ಓದಿದವರಿಗೆ ಕೀಳು ಅಭಿರುಚಿ ಇರುವುದೇ ಪಶ್ಚಿಮದವರಿಗೆ ಅನ್ನಿಸುತ್ತದೆ. ಕನ್ನಡದ ಪ್ರೇಕ್ಷಕರು ಮೊದಲಿನಿಂದ ಬಳಸುತ್ತಿರುವ ಪದ ‘ಕೌಬಾಯ್ ಸಿನಿಮಾ’, ಅದೇ ಇರಲಿ. ಅಚ್ಚಗನ್ನಡ ಬೇಕೆಂದು ‘ದನಗಾಹಿ ಚಿತ್ರ’ ಮಾಡಲು ಹೋಗಬೇಡಿ. ‘ದನ ಕಾಯೋಕೆ ಲಾಯಕ್ಕು’ ಎಂದು ಬೈಯುವ ನಾಡಿನಲ್ಲಿ ಆ ಪದಕ್ಕೆ ಸೊಂಟದ ಪಿಸ್ತೂಲು ಒಗ್ಗುವುದಿಲ್ಲ.

‘ಲೋಬ್ರೋ’ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಅಕ್ಷರಶಃ ತಗ್ಗು ಹಣೆಯವನು ಎಂದು. ತಲೆಬುರುಡೆಯ ಆಕಾರ ನೋಡಿ ಬುದ್ಧಿ ಅಳೆಯುತ್ತಿದ್ದ 19ನೇ ಶತಮಾನದ ಹುಸಿಶಾಸ್ತ್ರ ಬಿಟ್ಟುಹೋದ ಪಳೆಯುಳಿಕೆ ಅದು: ಹಣೆ ಎತ್ತರವಿದ್ದರೆ ಜಾಣ, ತಗ್ಗಿದ್ದರೆ ದಡ್ಡ. ನಮ್ಮಲ್ಲಿ ಹಣೆ ಅಂದರೆ ಬರಹ, ಹುಬ್ಬು ಅಂದರೆ ಏರಿಸುವುದು ಅಥವಾ ಗಂಟಿಕ್ಕುವುದು. ಬುದ್ಧಿಯ ಅಳತೆಗೂ ಇವಕ್ಕೂ ಸಂಬಂಧವಿಲ್ಲ. ಹಾಗಾಗಿ ಪದಕ್ಕೆ ಪದ ಇಡುವ ದಾರಿ ಮುಚ್ಚಿದೆ.

ಆದರೆ ಒಂದನ್ನು ಗಮನಿಸಿ. ಹುಟ್ಟಿನಲ್ಲೇ ಆ ಪದ ತೂಗುವುದು ನೋಡುವವನನ್ನು, ಜೋಕನ್ನಲ್ಲ. ನಾಟ್ಯಶಾಸ್ತ್ರದಲ್ಲೂ ಹೀಗೇ ಇದೆ. ನಗು ಆರು ಬಗೆ: ಸ್ಮಿತ, ಹಸಿತ ಉತ್ತಮರಿಗೆ; ವಿಹಸಿತ, ಉಪಹಸಿತ ಮಧ್ಯಮರಿಗೆ; ಅಪಹಸಿತ, ಅತಿಹಸಿತ ಅಧಮರಿಗೆ. ಹಲ್ಲು ಕಾಣದಂತೆ ನಕ್ಕರೆ ಉತ್ತಮ; ಕಣ್ಣಲ್ಲಿ ನೀರು ಬಂದು ಹೆಗಲು ತಲೆ ಅಲುಗಿದರೆ ಅಧಮ. (ಅಲ್ಲಿನ ‘ಅಪಹಸಿತ’ ಹೊತ್ತುಗೊತ್ತಿಲ್ಲದೆ ನಗುವುದು. ಇನ್ನೊಬ್ಬರನ್ನು ಹಂಗಿಸುವ ನಮ್ಮ ‘ಅಪಹಾಸ್ಯ’ ಬೇರೆಯೇ ಆಗಿ ನಿಂತಿದೆ.)

ಈಗ ಕನ್ನಡದ ಪದಗಳು ಯಾರಿಗೆ ತಾಗುತ್ತವೆ ನೋಡಿ. ‘ಕೀಳು ಅಭಿರುಚಿ’ ನೋಡಿ ನಕ್ಕವರಿಗೂ ತಾಗುತ್ತದೆ. ‘ಅಗ್ಗದ ಹಾಸ್ಯ’ ಸರಕಿಗೆ ತಾಗುತ್ತದೆ, ಕೊಂಡವರಿಗಲ್ಲ. ‘ಪೋಲಿ’ ಅಂದರೆ ಲೈಂಗಿಕ ಚೇಷ್ಟೆ ಇದೆ ಎಂದಷ್ಟೇ. ಅದರಲ್ಲಿ ಅರ್ಧ ಮುದ್ದೂ ಸೇರಿದೆ. ‘ಅಶ್ಲೀಲ’ ಕಾನೂನಿನ ಪದ, ಸುಮ್ಮನೆ ಎಳೆಯಬೇಡಿ. ‘ಗ್ರಾಮ್ಯ’ ಹಳೆಯ ಅಲಂಕಾರಶಾಸ್ತ್ರದಲ್ಲಿ ಒಂದು ದೋಷದ ಹೆಸರು, ಲೋಬ್ರೋಗೆ ನಿಜಕ್ಕೂ ಹತ್ತಿರ. ಆದರೆ ಈಗ ಅದನ್ನು ಬಳಸಿದರೆ ಹಳ್ಳಿಯವರನ್ನು ಬೈದಂತೆ. ‘ಗಾಂಧಿ ಕ್ಲಾಸ್ ಕಾಮಿಡಿ’ ಎಂದರೆ ನಮ್ಮವರಿಗೆ ಥಟ್ಟನೆ ತಿಳಿಯುತ್ತದೆ, ಆದರೆ ಅದು ಪರದೆಯ ಮುಂದಿನ ಅಗ್ಗದ ಸೀಟಿನ ಹೆಸರು. ಮನೆಯ ಸೋಫಾದಲ್ಲಿ ಅಂಥ ಸಾಲೇ ಇಲ್ಲ.

ಈ ಚಿತ್ರದ ನಗುವಿನಲ್ಲಿ ದೊಡ್ಡ ಪಾಲು ದೇಹದ್ದು. ಭೇದಿಯಾಗುವ ಕತ್ತೆಯೊಂದು ಇದೆ ಎಂದರೆ ಮಟ್ಟ ತಿಳಿಯುತ್ತದೆ. ಇದಕ್ಕೆ ‘ದ್ವಂದ್ವಾರ್ಥದ ಹಾಸ್ಯ’ ಅಂಟಿಸುವುದು ಪೂರ್ತಿ ತಪ್ಪು. ಕತ್ತೆಯ ಭೇದಿಗೆ ಇರುವುದು ಒಂದೇ ಅರ್ಥ. (ಎರಡರ್ಥಕ್ಕೆ ಸರಿಯಾದ ರೂಪ ‘ದ್ವ್ಯರ್ಥ’ ಎಂಬ ಹಳೆಯ ಜಗಳಕ್ಕೆ ಇಲ್ಲಿ ಇಳಿಯುವುದಿಲ್ಲ.) ನನ್ನ ಸಲಹೆ: ನಿಮ್ಮದೇ ದನಿಯಲ್ಲಿ ಹೇಳುವಾಗ ‘ಒರಟು ಹಾಸ್ಯ’, ವಿಮರ್ಶಕರ ಮಾತು ವರದಿ ಮಾಡುವಾಗ ‘ಅಗ್ಗದ ಹಾಸ್ಯ’. ‘ಕೀಳು ಅಭಿರುಚಿ’ಯನ್ನು ಯಾರಾದರೂ ಹಾಗೆಯೇ ಅಂದಿದ್ದರೆ ಮಾತ್ರ, ಅವರ ಹೆಸರಿನೊಂದಿಗೆ ಹಾಕಿ.

‘ಮಿಶ್ರ ಪ್ರತಿಕ್ರಿಯೆ’ ಪತ್ರಿಕೆಗಳಲ್ಲಿ ಸವೆದ ನಾಣ್ಯ. ಹತ್ತು ಜನ ನೋಡಿ ಹತ್ತೂ ಜನ ಐದಕ್ಕೆ ಮೂರು ಕೊಟ್ಟರೆ ಸರಾಸರಿ ಮೂರು. ಐದು ಜನ ಐದೂ, ಉಳಿದ ಐದು ಜನ ಒಂದೂ ಕೊಟ್ಟರೂ ಸರಾಸರಿ ಮೂರೇ. ಮೊದಲನೆಯದು ಮಿಶ್ರ, ಎರಡನೆಯದು ಇಬ್ಭಾಗ. ನೀವು ಹೇಳಹೊರಟದ್ದು ಎರಡನೆಯದನ್ನು. ‘ಭಿನ್ನಾಭಿಪ್ರಾಯ’ ಕೂಡ ಆಗದು, ಅದು ಒಂದೇ ಸಮಿತಿಯಲ್ಲಿ ಕೂತವರ ನಡುವೆ ಬರುವಂಥದ್ದು. ‘ನೋಡಿದವರು ಎರಡು ಬಣವಾದರು’ ಸಾಕು.

ಉತ್ತರ 2:

ಮೇಲಿನದಕ್ಕೆ ನನ್ನ ಸಹಮತವಿದೆ. ‘ಜನಪ್ರಿಯ’ದ ಬಗ್ಗೆ ನಾನು ಹೇಳುತ್ತೇನೆ.

ಪದದೊಳಗೇ ಪ್ರೀತಿ ಇದೆ. ಜನ ನೋಡಿದ್ದು ಗೊತ್ತು, ಮೆಚ್ಚಿದ್ದು ಗೊತ್ತಿಲ್ಲ ಎಂಬಲ್ಲಿ ಅದನ್ನು ಹಾಕಬಾರದು. ಈ ಚಿತ್ರದ ವಿಷಯದಲ್ಲಿ ಗೊತ್ತಿರುವುದು ಇಷ್ಟು: ಮೊದಲ 30 ದಿನಗಳಲ್ಲಿ ನೆಟ್‌ಫ್ಲಿಕ್ಸ್‌ನ ಬೇರೆ ಯಾವ ಸಿನಿಮಾವನ್ನೂ ಇಷ್ಟು ಜನ ನೋಡಿರಲಿಲ್ಲ ಎಂದು ಕಂಪನಿಯ ಟೆಡ್ ಸರಾಂಡೋಸ್ 2016ರ ಜನವರಿಯಲ್ಲಿ ಹೇಳಿದರು. ಎಷ್ಟು ಜನ ಎಂಬ ಅಂಕಿ ಕೊಡಲಿಲ್ಲ. ಇನ್ನೊಂದು ಕಡೆ, ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣ ರಾಟನ್ ಟೊಮೇಟೋಸ್‌ನಲ್ಲಿ ವಿಮರ್ಶಕರ ಲೆಕ್ಕ ಶೇ 0. ಇದನ್ನು ‘ಸೊನ್ನೆ ಅಂಕ’ ಎಂದು ಬರೆಯುವುದು ತಪ್ಪು. ಅದು ಅಂಕವಲ್ಲ, ಮೆಚ್ಚಿ ಬರೆದ ವಿಮರ್ಶೆಗಳ ಪಾಲು. ಎಲ್ಲರೂ ಐದಕ್ಕೆ ಎರಡು ಕೊಟ್ಟಿದ್ದರೂ ಪಾಲು ಸೊನ್ನೆಯೇ. ‘ಮೆಚ್ಚಿ ಬರೆದ ವಿಮರ್ಶಕ ಒಬ್ಬನೂ ಅಲ್ಲಿ ಸಿಗಲಿಲ್ಲ’ ಅನ್ನಿ.

‘ವೀಕ್ಷಣೆ’ ಪದದಲ್ಲೂ ಎಚ್ಚರ ಬೇಕು, ನೆಟ್‌ಫ್ಲಿಕ್ಸ್‌ನಲ್ಲಿ ಅದರ ಅಳತೆ ಬದಲಾಗುತ್ತ ಬಂದಿದೆ. ಒಂದು ಕಾಲಕ್ಕೆ ಚಿತ್ರದ ಶೇ 70 ನೋಡಿದರೆ ಒಂದು ಎಣಿಕೆ. 2020ರ ಆರಂಭಕ್ಕೆ ಎರಡು ನಿಮಿಷ ನೋಡಿದರೂ ಸಾಕು ಎಂದಾಯಿತು. 2023ರ ಜೂನ್‌ನಿಂದ ಒಟ್ಟು ನೋಡಿದ ಗಂಟೆಗಳನ್ನು ಚಿತ್ರದ ಅವಧಿಯಿಂದ ಭಾಗಿಸುತ್ತಾರೆ. ಎರಡು ಗಂಟೆಯ ಸಿನಿಮಾವನ್ನು ಇಬ್ಬರು ತಲಾ ಒಂದು ಗಂಟೆ ನೋಡಿ ಆರಿಸಿದರೆ ಈ ಲೆಕ್ಕದಲ್ಲಿ ಒಂದು ‘ವೀಕ್ಷಣೆ’, ಪೂರ್ತಿ ನೋಡಿದವನು ಒಬ್ಬನೂ ಇಲ್ಲದೆ! ಆದ್ದರಿಂದ ‘ಇಷ್ಟು ವೀಕ್ಷಣೆ’ಯನ್ನು ‘ಇಷ್ಟು ಜನ’ ಎಂದು ತಿರುಗಿಸಬೇಡಿ.

ನಮ್ಮ ಗೆಲುವು-ಸೋಲಿನ ನುಡಿಗಟ್ಟೆಲ್ಲ ಥಿಯೇಟರಿನದು. ಗಲ್ಲಾಪೆಟ್ಟಿಗೆ ದೋಚಿತು, ನೂರು ದಿನ ಓಡಿತು, ತೋಪಾಯಿತು, ಡಬ್ಬದಲ್ಲೇ ಉಳಿಯಿತು. ಚಂದಾ ಕಟ್ಟಿ ನೋಡುವ ಕಡೆ ಈ ಚಿತ್ರಕ್ಕೆಂದು ಟಿಕೆಟ್ಟೂ ಇಲ್ಲ, ಗಲ್ಲಾಪೆಟ್ಟಿಗೆಯೂ ಇಲ್ಲ. ಬೇಸರವಾದರೆ ಎದ್ದು ಹೋಗುವ ಬದಲು ಬೇರೆಯದನ್ನು ಹಚ್ಚುತ್ತಾರೆ. ‘ಹೆಚ್ಚು ಜನ ಹಚ್ಚಿ ನೋಡಿದರು’ ಎಂದು ಸರಳವಾಗಿ ಬರೆದರೆ ಸುಳ್ಳಾಗುವುದಿಲ್ಲ.

ಉತ್ತರ 3:

ಟಿಪ್ಪಣಿ ಮುಂದುವರಿದರೆ ಇನ್ನೊಂದು ಕಡೆ ಎಡವುತ್ತೀರಿ, ಈಗಲೇ ಹೇಳಿಬಿಡುತ್ತೇನೆ. 2015ರ ಏಪ್ರಿಲ್‌ನಲ್ಲಿ ನ್ಯೂ ಮೆಕ್ಸಿಕೋದ ಚಿತ್ರೀಕರಣದಿಂದ ಸುಮಾರು ಹನ್ನೆರಡು ಮಂದಿ ಮೂಲನಿವಾಸಿ ನಟರು ಎದ್ದು ಹೊರನಡೆದರು. ಅಪಾಚೆ ಬುಡಕಟ್ಟಿನವರ ಉಡುಪು ತಪ್ಪಾಗಿದೆ, ಹೆಂಗಸರ ಪಾತ್ರಗಳಿಗಿಟ್ಟ ಹೆಸರುಗಳು ಅವಮಾನಕರ ಎಂಬುದು ಅವರ ಆಕ್ಷೇಪ. ಇದು ಕೌಬಾಯ್ ಸಿನಿಮಾಗಳನ್ನೂ ಅವು ಹಬ್ಬಿಸಿದ ಸಿದ್ಧಮಾದರಿಗಳನ್ನೂ ವಿಡಂಬಿಸುವ ಚಿತ್ರ ಎಂದು ನೆಟ್‌ಫ್ಲಿಕ್ಸ್ ಸಮರ್ಥಿಸಿಕೊಂಡಿತು.

ಜಗಳವಿರುವುದು ಪದದಲ್ಲೇ. ಗುರಿ ಇನ್ನೊಂದು ಕೃತಿಯಾದರೆ ‘ಅಣಕ’. ಗುರಿ ಒಂದು ದೋಷವೋ ಅಧಿಕಾರವೋ ಆದರೆ ‘ವಿಡಂಬನೆ’. ಗುರಿ ಎದುರಿಗಿರುವ ಮನುಷ್ಯರೇ ಆದರೆ ‘ಗೇಲಿ’, ‘ಲೇವಡಿ’. 1960ರ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ಹೆಸರನ್ನು ತಿರುಚಿದ್ದು ಅಣಕ, ಅದರಲ್ಲಿ ತಕರಾರಿಲ್ಲ. ಒಬ್ಬ ಹೆಂಗಸಿನ ಹೆಸರನ್ನೇ ಜೋಕು ಮಾಡಿದ್ದಕ್ಕೆ ಕಂಪನಿ ವಿಡಂಬನೆ ಅಂದಿತು, ಹೊರನಡೆದವರು ಗೇಲಿ ಅಂದರು. ನೀವು ‘ವಿಡಂಬನೆಗೆ ವಿರೋಧ’ ಎಂದು ಬರೆದರೆ ತೀರ್ಪು ಕೊಟ್ಟಾಯಿತು. ಮತ್ತೆ, ‘ರೆಡ್ ಇಂಡಿಯನ್’ ಬೇಡ; ಬುಡಕಟ್ಟಿನ ಹೆಸರು ಗೊತ್ತಿದ್ದರೆ ಅದು, ಇಲ್ಲವಾದರೆ ‘ಅಮೆರಿಕದ ಮೂಲನಿವಾಸಿಗಳು’.

ಶೀರ್ಷಿಕೆ ಅನುವಾದಿಸಲೇಬೇಕಾದರೆ ‘ಹಾಸ್ಯಾಸ್ಪದ ಆರು’ ಆಗದು. ಕನ್ನಡದಲ್ಲಿ ಬರೀ ‘ಆರು’ ಅಂಕಿಯಾಗಿ ಉಳಿಯುತ್ತದೆ, ಮನುಷ್ಯರಾಗಲು ‘ಮಂದಿ’ ಬೇಕು. ‘ನಗೆಪಾಟಲಿನ ಆರು ಮಂದಿ’ ಓದಿಸಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ಧನ್ಯವಾದ. ತಿದ್ದಿದ ಸಾಲು: “ಒರಟು ಹಾಸ್ಯದ ಈ ಕೌಬಾಯ್ ಅಣಕವನ್ನು ವಿಮರ್ಶಕರು ಅಗ್ಗದ್ದೆಂದು ತಳ್ಳಿಹಾಕಿದರು, ನೋಡಿದವರು ಎರಡು ಬಣವಾದರು, ಆದರೂ ಮೊದಲ ತಿಂಗಳಲ್ಲಿ ಅತಿ ಹೆಚ್ಚು ಜನ ಹಚ್ಚಿ ನೋಡಿದ್ದು ಇದನ್ನೇ ಎಂದು ನೆಟ್‌ಫ್ಲಿಕ್ಸ್ ಹೇಳಿಕೊಂಡಿತು.”

ಉತ್ತರ 2 ಬರೆದವರಿಂದ:

‘ಆದರೂ’ ತೆಗೆಯಿರಿ. ಬೈದದ್ದನ್ನು ಕೇಳಿಯೇ ಹಚ್ಚಿ ನೋಡಿದವರೂ ಇರುತ್ತಾರೆ.