ದೇವರಲ್ಲಿ ಕ್ಷಮೆ ಬೇಡಿದ ಮೇಲೆ ತಂಗಿಯ ಮುಂದೆಯೂ ತಪ್ಪೊಪ್ಪಿಕೊಳ್ಳಬೇಕೇ?

ಪ್ರಶ್ನೆ:
ಎಲ್ಲರಿಗೂ ವಂದನೆಗಳು. ನಮ್ಮ ತಾಯಿ ತೀರಿಕೊಳ್ಳುವ ಮೊದಲು, ತಂಗಿಗೆ ಕೊಡಬೇಕೆಂದು ಹೇಳಿ ತಮ್ಮ ಎರಡು ಪವನಿನ ಸರವನ್ನು ನನ್ನ ಕೈಯಲ್ಲಿಟ್ಟರು. ವ್ಯಾಪಾರದಲ್ಲಿ ಸಾಲ ಮೈಮೇಲೆ ಬಂದಾಗ ನಾನು ಅದನ್ನು ಅಡವಿಟ್ಟೆ; ಬಡ್ಡಿ ಕಟ್ಟಲಾಗದೆ ಸರ ಹರಾಜಾಯಿತು. ಆಸ್ಪತ್ರೆಯ ಓಡಾಟದಲ್ಲಿ ಕಳೆದುಹೋಯಿತೆಂದು ತಂಗಿಗೆ ಹೇಳಿದೆ, ಅವಳು ನಂಬಿದಳು. ಇದಾಗಿ ಆರು ವರ್ಷವಾಯಿತು. ದೇವರ ಮುಂದೆ ಮೊಣಕಾಲೂರಿ ಅತ್ತಿದ್ದೇನೆ, ಕ್ಷಮೆ ಸಿಕ್ಕಿದೆಯೆಂದೂ ನಂಬುತ್ತೇನೆ. ಆ ದಿನಗಳ ಇಕ್ಕಟ್ಟು ಮತ್ತು ಸೈತಾನನ ಶೋಧನೆ, ಅಂದರೆ ಪಾಪಕ್ಕೆ ಸೆಳೆಯುವ ಪ್ರಲೋಭನೆ, ನನ್ನಿಂದ ಹಾಗೆ ಮಾಡಿಸಿದವು. ಈಗ ಹಳೆಯದನ್ನು ಕೆದಕಿ ಅವಳನ್ನು ನೋಯಿಸುವುದು ಅಗತ್ಯವೇ?

ಉತ್ತರ 1:
‘ಮಾಡಿಸಿದವು’ ಎಂಬ ನಿಮ್ಮ ಮಾತಿನ ಬಳಿ ನಾನು ನಿಂತುಬಿಟ್ಟೆ. ದೇವರು ಬೇಡವೆಂದ ಹಣ್ಣನ್ನು ತಿಂದ ಮೇಲೆ ಆದಾಮನು ಹವ್ವಳತ್ತ ಬೆರಳು ತೋರಿಸಿದ, ಹವ್ವಳು ಸರ್ಪದತ್ತ ತೋರಿಸಿದಳು. ಬೈಬಲಿನ ವಿಮೋಚನಕಾಂಡದ 32ನೆಯ ಅಧ್ಯಾಯದಲ್ಲಿ ಮೋಶೆಯ ಅಣ್ಣ ಆರೋನನು ಜನರು ಕೊಟ್ಟ ಬಂಗಾರವನ್ನು ಬೆಂಕಿಗೆ ಹಾಕಿದೆನೆಂದೂ ಅವರು ಪೂಜಿಸಿದ ಕರುವಿನ ವಿಗ್ರಹ ತಾನಾಗಿಯೇ ಹೊರಬಂದಿತೆಂದೂ ಮೋಶೆಗೆ ಹೇಳುತ್ತಾನೆ. ಆದರೆ ಅದೇ ಅಧ್ಯಾಯದ 4ನೆಯ ವಚನದಲ್ಲಿ ಅವನೇ ಉಳಿಯಿಂದ ಅದನ್ನು ರೂಪಿಸಿದ್ದನೆಂದು ಬರೆದಿದೆ. ಶೋಧನೆ ಇತ್ತು, ನಿಜ. ಅಡವಿನ ಚೀಟಿಗೆ ಸಹಿ ಹಾಕಿದ್ದು ಮಾತ್ರ ನಿಮ್ಮ ಕೈ, ಅಣ್ಣಾ.

ಉತ್ತರ 2:
ನಾನು ಕಥೋಲಿಕಳು. ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವ ಪಾಪನಿವೇದನೆಯಲ್ಲಿ ಕ್ಷಮೆ ದೊರೆತರೂ ಕದ್ದದ್ದನ್ನು ಹಿಂದಿರುಗಿಸುವ ಹೊಣೆ ಉಳಿಯುತ್ತದೆಂದು ನಮ್ಮ ಸಭೆ ಕಲಿಸುತ್ತದೆ. ಇದು ಕ್ಷಮೆಗೆ ತೆರುವ ಬೆಲೆಯಲ್ಲ. ಯೇಸು ‘ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು’ ಎಂದು ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನಿಗೆ ಹೇಳಿದ್ದು ಮೊದಲು. ವಂಚಿಸಿದ್ದರೆ ನಾಲ್ಕರಷ್ಟು ಕೊಡುತ್ತೇನೆಂದು ಜಕ್ಕಾಯನು ಹೇಳಿದ್ದು ಆಮೇಲೆ. ಯಾಜಕಕಾಂಡದ 6ನೆಯ ಅಧ್ಯಾಯವಂತೂ ನಂಬಿ ಒಪ್ಪಿಸಿದ ವಸ್ತುವಿನ ವಿಷಯವನ್ನೇ ಎತ್ತಿ, ಪೂರ್ತಿ ಹಿಂದಿರುಗಿಸಿ ಐದರಲ್ಲೊಂದು ಪಾಲು ಹೆಚ್ಚಾಗಿ ಕೊಡಬೇಕೆನ್ನುತ್ತದೆ. ಹರಾಜಿನ ದಿನದ ದರ ಹಿಡಿಯಬೇಡಿ. ಹದಿನಾರು ಗ್ರಾಂ ಚಿನ್ನವನ್ನೇ ಕೊಡಿ, ಕಂತಿನಲ್ಲಾದರೂ ಸರಿ.

ಉತ್ತರ 3:
ನೋಯಿಸಬಾರದೆಂಬ ನಿಮ್ಮ ಕಾಳಜಿಯನ್ನು ನಾನು ಸುಳ್ಳೆನ್ನುವುದಿಲ್ಲ. ಆದರೆ ಸರ ಆಸ್ಪತ್ರೆಯಲ್ಲಿ ಕಳೆಯಿತೆಂದ ಮೇಲೆ ಈ ಆರು ವರ್ಷ ಅವಳು ಯಾರನ್ನು ಸಂಶಯಿಸಿರಬಹುದು? ಸಭೆಯ ಮುಂದೆ ಸಾಕ್ಷಿ ಹೇಳುವ ಅಗತ್ಯವಿಲ್ಲ, ಫೋನಿನಲ್ಲಿಯೂ ಬೇಡ. ಎದುರು ಕುಳಿತು ಹೇಳಿ. ಕೂಡಲೇ ಕ್ಷಮಿಸೆಂದು ಅವಳನ್ನು ಒತ್ತಾಯಿಸಬೇಡಿ.

ಪ್ರಶ್ನೆ ಕೇಳಿದವರು:
ತಾಯಿಯನ್ನು ನೋಡಿಕೊಳ್ಳುತ್ತಿದ್ದ ಆಯಾಳನ್ನು ತಂಗಿ ಸಂಶಯಿಸಿದ್ದಳು. ನಾನು ಕೇಳಿಯೂ ಸುಮ್ಮನಿದ್ದೆ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ಒಂದಾಗಬೇಕೆಂಬ ಮತ್ತಾಯ 5ರ ಮಾತನ್ನು ನಿನ್ನೆ ರಾತ್ರಿ ಮತ್ತೆ ಓದಿದೆ. ಭಾನುವಾರದ ಆರಾಧನೆಗೆ ಮೊದಲು, ಶನಿವಾರವೇ, ತಂಗಿಯ ಮನೆಗೆ ಹೋಗುತ್ತೇನೆ. ಆ ಆಯಾಳ ವಿಳಾಸವನ್ನೂ ವಿಚಾರಿಸುತ್ತಿದ್ದೇನೆ.