ಅರಿಝೋನಾದ ಸಾಲ್ಟ್ ನದಿಯಲ್ಲಿ ರ‍್ಯಾಫ್ಟಿಂಗ್: ಮಾರ್ಚ್‌ನಲ್ಲಿ ಹೋಗುವವರು ಏನೇನು ನೋಡಿಕೊಳ್ಳಬೇಕು?

ಹೊಳೆದಂಡೆ, ತೀರ್ಥಹಳ್ಳಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಮತ್ತು ಅಳಿಯ ಅರಿಝೋನಾ ರಾಜ್ಯದ ಫೀನಿಕ್ಸ್‌ನಲ್ಲಿದ್ದಾರೆ. ಬರುವ ಮಾರ್ಚ್ ಕೊನೆಗೆ ನಾನೂ ನನ್ನ ತಮ್ಮನೂ ಅಲ್ಲಿಗೆ ಹೋಗುವವರಿದ್ದೇವೆ. ಸಾಲ್ಟ್ ನದಿಯ ಮೇಲ್ಭಾಗದ ಕಣಿವೆಯಲ್ಲಿ ರ‍್ಯಾಫ್ಟಿಂಗ್ ಮಾಡಬೇಕೆಂಬುದು ಅಳಿಯಂದಿರ ಆಸೆ. ರ‍್ಯಾಫ್ಟನ್ನು ಬಾಡಿಗೆಗೆ ತೆಗೆದುಕೊಂಡು ನಾವು ನಾಲ್ವರೇ ಇಳಿಯಬಹುದು ಎಂದು ಅವರು ಹೇಳುತ್ತಿದ್ದಾರೆ.

ನಾವು ಅಣ್ಣತಮ್ಮಂದಿರು ತುಂಗೆಯಲ್ಲಿ ಈಜಿ ಬೆಳೆದವರು. ಮಳೆಗಾಲದಲ್ಲಿ ಬಾಳೆಹೊನ್ನೂರಿನ ಕಡೆ ಭದ್ರೆಯಲ್ಲೂ, ಆಗುಂಬೆ ಘಟ್ಟದ ಕೆಳಗೆ ಸೀತಾನದಿಯಲ್ಲೂ ಗೈಡ್‌ಗಳ ಜೊತೆ ರ‍್ಯಾಫ್ಟಿಂಗ್ ಮಾಡಿದ್ದೇವೆ. ಆದರೆ ನಮ್ಮ ಹೊಳೆಗಳನ್ನು ಅಳೆಯುವ ಲೆಕ್ಕ ಮರುಭೂಮಿಯ ನದಿಗೆ ಹೊಂದುತ್ತದೆಯೇ ಎಂಬ ಅನುಮಾನ ನನ್ನನ್ನು ಬಿಡುತ್ತಿಲ್ಲ. ಅಲ್ಲಿ ನೀರು ಬರುವುದು ಎಲ್ಲಿಂದ, ಎಷ್ಟಿದ್ದರೆ ಇಳಿಯಬಹುದು, ಯಾರ ಅನುಮತಿ ಬೇಕು, ಯಾವ ಹಂತದಲ್ಲಿ ಬೇಡವೆಂದು ಹಿಂದಿರುಗಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು. ತಮ್ಮ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾನೆ ಎಂಬುದನ್ನೂ ಹೇಳಿಬಿಡುತ್ತೇನೆ.

ವರದಾಮೂಲ, ಸಾಗರ:

ನಿಮ್ಮ ಅನುಮಾನ ಸರಿಯಾಗಿಯೇ ಇದೆ. ನಮ್ಮಲ್ಲಿ ಘಟ್ಟದ ಮೇಲೆ ಮಳೆ ಹೊಯ್ದರೆ ಹೊಳೆ ಏರುತ್ತದೆ, ಮಳೆ ಬಿಟ್ಟರೆ ಇಳಿಯುತ್ತದೆ. ಆಕಾಶ ನೋಡಿಯೇ ಅರ್ಧ ಅಂದಾಜು ಮಾಡಬಹುದು. ಸಾಲ್ಟ್ ನದಿಯ ಮೇಲ್ಭಾಗಕ್ಕೆ ವಸಂತದಲ್ಲಿ ನೀರು ಬರುವುದು ಪೂರ್ವದ ವೈಟ್ ಮೌಂಟನ್ಸ್ ಬೆಟ್ಟಗಳ ಹಿಮ ಕರಗಿ. ನೀವು ನಿಂತ ಕಣಿವೆಯಲ್ಲಿ ಕಳ್ಳಿಗಿಡ ಒಣಬಿಸಿಲಿಗೆ ನಿಂತಿರುತ್ತದೆ, ಎದುರಿಗೆ ಹರಿಯುವ ನೀರು ಮಾತ್ರ ಹಿಮದ್ದು. ರೂಸ್‌ವೆಲ್ಟ್ ಜಲಾಶಯದವರೆಗೆ ಆ ನದಿಗೆ ದೊಡ್ಡ ಅಣೆಕಟ್ಟೆಯಿಲ್ಲದ ಕಾರಣ ಹರಿವು ಪೂರ್ತಿಯಾಗಿ ಹಿಮವನ್ನೂ ಬಿಸಿಲನ್ನೂ ನಂಬಿಕೊಂಡಿದೆ. ಚಳಿಗಾಲದಲ್ಲಿ ಹಿಮ ಕಡಿಮೆ ಬಿದ್ದ ವರ್ಷ ರ‍್ಯಾಫ್ಟಿಂಗ್ ಹಂಗಾಮೇ ಇಲ್ಲದೆ ಹೋಗಬಹುದು. ಆದ್ದರಿಂದ ವಿಮಾನದ ಟಿಕೆಟ್ ಮಗಳನ್ನು ನೋಡಲಿಕ್ಕೆಂದು ಮಾಡಿಸಿ, ನದಿಗೆಂದು ಮಾಡಿಸಬೇಡಿ.

ಲಿಂಗನಮಕ್ಕಿ, ಗಾಜನೂರಿನ ಒಳಹರಿವನ್ನು ದಿನಾ ಪತ್ರಿಕೆಯಲ್ಲಿ ಓದುವ ನಮಗೆ ಕ್ಯೂಸೆಕ್ ಲೆಕ್ಕ ಗೊತ್ತಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿಯೂ ಅದೇ ಅಳತೆ, ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಕ್ರಿಸೊಟೈಲ್ ಬಳಿ ಇಟ್ಟಿರುವ ಮಾಪಕದ ಅಂಕಿ ಅಂತರ್ಜಾಲದಲ್ಲಿ ಯಾರಿಗೂ ಸಿಗುತ್ತದೆ. ಹೊರಡುವ ಎರಡು ವಾರ ಮೊದಲಿನಿಂದ ಅದನ್ನು ಬರೆದಿಟ್ಟುಕೊಳ್ಳಿ. ಇಂದಿನ ಒಂದು ಅಂಕಿಗಿಂತ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಮುಖ್ಯ. ಹಿಮದ ಮೇಲೆ ಬೆಚ್ಚನೆಯ ಮಳೆ ಬಿದ್ದರೆ ಎರಡೂ ಸೇರಿ ಒಮ್ಮೆಲೇ ನೆರೆ ಬರುತ್ತದೆ. ಮುನ್ಸೂಚನೆಯಲ್ಲಿ ಅಂಥ ಮಳೆ ಕಂಡರೆ ಯೋಚಿಸುವುದೇನೂ ಇಲ್ಲ, ಮುಂದಕ್ಕೆ ಹಾಕಿ. ನೀರು ತೀರ ಕಡಿಮೆಯಾದರೂ ಅಪಾಯ ತಪ್ಪುವುದಿಲ್ಲ, ಬಂಡೆಗಳು ಮೇಲೆದ್ದು ರ‍್ಯಾಫ್ಟ್ ಅಡ್ಡಲಾಗಿ ಸಿಕ್ಕಿಕೊಳ್ಳುತ್ತದೆ. ಇಳಿಯಬಹುದಾದ ಕನಿಷ್ಠ ಮತ್ತು ಗರಿಷ್ಠ ಅಂಕಿಗಳನ್ನು ಅಲ್ಲಿನ ಗೈಡ್‌ಗಳನ್ನು ಕೇಳಿ ಮನೆಯಲ್ಲಿದ್ದಾಗಲೇ ಬರೆದುಕೊಳ್ಳಬೇಕು, ಏಕೆಂದರೆ ದಡಕ್ಕೆ ಬಂದು ನಿಂತ ಮೇಲೆ ಯಾರಿಗೂ ಹಿಂದಿರುಗುವ ಮನಸ್ಸಾಗುವುದಿಲ್ಲ.

ಅನುಮತಿಯ ವಿಷಯ. ಗ್ಲೋಬ್ ಊರಿನಿಂದ ಉತ್ತರಕ್ಕೆ ಹೋಗುವ 60ನೇ ಹೆದ್ದಾರಿಯ ಸೇತುವೆಯ ಬಳಿ ಹೆಚ್ಚಿನವರು ನೀರಿಗಿಳಿಯುತ್ತಾರೆ. ಆ ಭಾಗ ವೈಟ್ ಮೌಂಟನ್ ಅಪಾಚಿ ಬುಡಕಟ್ಟಿನವರ ಸ್ವಂತ ನೆಲ, ಅವರ ಪರವಾನಗಿ ಇಲ್ಲದೆ ಇಳಿಯುವಂತಿಲ್ಲ. ಇನ್ನೂ ಕೆಳಗಿನ ಕಾಡುಕಣಿವೆಗೆ ಮಾರ್ಚ್ 1ರಿಂದ ಮೇ 15ರವರೆಗೆ ಟೊಂಟೊ ರಾಷ್ಟ್ರೀಯ ಅರಣ್ಯದ ಪ್ರತ್ಯೇಕ ಪರವಾನಗಿ ಬೇಕು. ದಡದಲ್ಲಿ ಉಪ್ಪಿನ ಒರತೆಗಳಿರುವ ಒಂದು ಜಾಗ ಅಪಾಚಿಗಳಿಗೆ ಪವಿತ್ರವಾದದ್ದು, ಅಲ್ಲಿ ಹತ್ತಬಾರದು. ನಮ್ಮ ದೇವರಕಾಡನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೀವು ನಾಲ್ವರೇ ಹೋಗುವುದು ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ನೀರಿನ ರಭಸಕ್ಕೆ ಒಂದರಿಂದ (ತೀರ ಸುಲಭ) ಆರರವರೆಗೆ (ಅತಿ ಅಪಾಯ) ದರ್ಜೆ ಕೊಡುತ್ತಾರೆ; ಆ ಕಣಿವೆಯಲ್ಲಿ ಮೂರನೇ ದರ್ಜೆಯ ರಭಸಗಳೇ ಹೆಚ್ಚು, ನಾಲ್ಕನೆಯದೂ ಇದೆ. ಒಂದೇ ರ‍್ಯಾಫ್ಟ್ ಇದ್ದು ಅದು ಮಗುಚಿದರೆ ಎತ್ತಲು ಇನ್ನೊಂದಿರುವುದಿಲ್ಲ; ಫೋನಿನ ಸಿಗ್ನಲ್ ಕೂಡ ಸಿಗುವುದಿಲ್ಲ. ಹಳೆಯ ಮಾರ್ಗದರ್ಶಿ ಪುಸ್ತಕ ನೋಡಿ ಹೊರಡುವವರಿಗೆ ಇನ್ನೊಂದು ಮಾತು: ಕೆಳಗಿನ ಕ್ವಾರ್ಟ್ಝೈಟ್ ಜಲಪಾತವನ್ನು 1993ರಲ್ಲಿ ಕೆಲವರು ಕಾನೂನುಬಾಹಿರವಾಗಿ ಸ್ಫೋಟಿಸಿ ರೂಪವನ್ನೇ ಬದಲಿಸಿದರು. ಹಿಂದಿನ ವಿವರಣೆ ಈಗಿನ ನೀರಿಗೆ ಹೊಂದುವುದಿಲ್ಲ. ಪರವಾನಗಿ ಇರುವ ಗೈಡ್‌ಗಳ ಜೊತೆ ಸೇತುವೆಯ ಭಾಗದಲ್ಲಿ ಒಂದು ದಿನದ ಪ್ರವಾಸ ನಿಮಗೆ ತಕ್ಕದ್ದು.

ವೈದ್ಯೆ, ಶಿವಮೊಗ್ಗ:

ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುವವಳಾಗಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಬಿಸಿಲು ಸುಡುತ್ತಿರುವಾಗ ತಣ್ಣೀರಿಗೆ ಬೀಳುವುದು ತುಂಗೆಯಲ್ಲಿ ಈಜಿದವರಿಗೂ ಹೊಸದು. ಬಹಳ ತಣ್ಣನೆಯ ನೀರಿಗೆ ಬಿದ್ದ ಮೊದಲ ನಿಮಿಷ ಉಸಿರು ತಾನಾಗಿ ಏದುತ್ತದೆ, ಆಗ ಬಾಯಿಗೆ ನೀರು ಹೋದರೆ ಒಳ್ಳೆಯ ಈಜುಗಾರನೂ ಮುಳುಗುತ್ತಾನೆ. ಮುಂದಿನ ಹತ್ತು ನಿಮಿಷಗಳಲ್ಲಿ ಕೈಬೆರಳುಗಳು ಹಿಡಿತ ಕಳೆದುಕೊಳ್ಳುತ್ತವೆ. ರಕ್ತನಾಳಗಳು ಹಠಾತ್ತನೆ ಬಿಗಿದು ರಕ್ತದೊತ್ತಡ ಏರುತ್ತದೆ, ಹೃದಯಕ್ಕೆ ಹೊರೆಯಾಗುತ್ತದೆ. ನಿಮ್ಮ ತಮ್ಮನವರು ತಮ್ಮ ವೈದ್ಯರಿಗೆ ತಣ್ಣೀರಿನ ವಿಷಯವನ್ನೂ ಸ್ಪಷ್ಟವಾಗಿ ತಿಳಿಸಿ, ಅವರು ಒಪ್ಪಿದರೆ ಮಾತ್ರ ಹೋಗಲಿ. ಮೂತ್ರ ಹೆಚ್ಚಿಸುವ ಮಾತ್ರೆಯಾಗಿದ್ದರೆ ಒಣಹವೆಯಲ್ಲಿ ನಿರ್ಜಲೀಕರಣ ಬೇಗ ಆಗುತ್ತದೆ. ಬೆವರು ಕೂಡಲೇ ಆರಿಹೋಗುವುದರಿಂದ ನಮ್ಮ ಸೆಕೆಯಲ್ಲಿ ಆಗುವಂತೆ ಮೈ ಒದ್ದೆಯಾಗುವುದಿಲ್ಲ, ಗೊತ್ತೂ ಆಗುವುದಿಲ್ಲ. ತಲೆಗೆ ದಿನಕ್ಕೆ ನಾಲ್ಕು ಲೀಟರ್ ಕುಡಿಯುವ ನೀರನ್ನು ಒಯ್ಯಬೇಕು.

ಹತ್ತಿಯ ಬನಿಯನ್, ಜೀನ್ಸ್ ಎರಡೂ ಬೇಡ, ಒದ್ದೆಯಾದರೆ ಮೈಯ ಬಿಸಿಯನ್ನು ಎಳೆದುಬಿಡುತ್ತವೆ. ತಣ್ಣೀರಿನಲ್ಲಿ ಮೈಯ ಬಿಸಿಯನ್ನು ಕಾಯುವ ಬಿಗಿ ಉಡುಪಾದ ವೆಟ್‌ಸೂಟನ್ನು ಗೈಡ್‌ಗಳಿಂದಲೇ ಕೇಳಿ ಪಡೆಯಿರಿ.

ಹಿನ್ನೀರು, ತಾಳಗುಪ್ಪ:

ಡಿಸೆಂಬರ್, ಜನವರಿಯಲ್ಲಿ ಹೊನ್ನೇಮರಡುವಿನ ಹಿನ್ನೀರಿನಲ್ಲಿ ಅಭ್ಯಾಸ ಮಾಡಿ ಹೋಗಿ. ಅಲ್ಲಿ ಸೆಳವಿಲ್ಲ, ಹಾಗಾಗಿ ನದಿಯ ಪಾಠ ಅಲ್ಲಿ ಸಿಗುವುದಿಲ್ಲ. ಆದರೆ ಬಿದ್ದು ಮತ್ತೆ ದೋಣಿ ಹತ್ತುವುದನ್ನು ನಿಂತ ನೀರಿನಲ್ಲೇ ಕಲಿಯಬೇಕು. ಲೈಫ್ ಜಾಕೆಟ್ ಕಟ್ಟಿದ ಮೇಲೆ ಇನ್ನೊಬ್ಬರು ಹೆಗಲ ಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಲಿ. ಅದು ಕಿವಿಯವರೆಗೆ ಏರಿದರೆ ಸಡಿಲವಾಗಿದೆ ಎಂದು ತಿಳಿದು ಪಕ್ಕದ ಪಟ್ಟಿಗಳನ್ನು ಬಿಗಿಯಿರಿ.

ನೀರಿಗೆ ಬಿದ್ದರೆ ಅಂಗಾತ ಮಲಗಿ ಕಾಲುಗಳನ್ನು ಹರಿವಿನ ಕಡೆಗೆ ಮೇಲೆತ್ತಿ ಇಟ್ಟುಕೊಳ್ಳಬೇಕು. ರಭಸದಲ್ಲಿ ಎದ್ದು ನಿಲ್ಲಲು ಹೋದರೆ ಪಾದ ಬಂಡೆಯ ಸಂದಿಗೆ ಸಿಕ್ಕಿ, ಸೊಂಟದಷ್ಟೇ ಇರುವ ನೀರು ಆಳನ್ನು ಬಗ್ಗಿಸಿ ಮುಳುಗಿಸುತ್ತದೆ. ನಮ್ಮೂರ ಹೊಳೆಯಲ್ಲಿ ಕಾಲೂರಿ ದಾಟುವ ಅಭ್ಯಾಸ ಇರುವವರಿಗೇ ಈ ಅಪಾಯ ಹೆಚ್ಚು. ಎಸೆದ ಹಗ್ಗ ಸಿಕ್ಕಿದರೆ ಎದೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಹೆಗಲ ಮೇಲಿನಿಂದ ಹಾಯಿಸಿಕೊಳ್ಳಿ, ಯಾವ ಕಾರಣಕ್ಕೂ ಮಣಿಕಟ್ಟಿಗೆ ಸುತ್ತಿಕೊಳ್ಳಬೇಡಿ.

ಹೊಳೆದಂಡೆ, ತೀರ್ಥಹಳ್ಳಿ:

ಎಲ್ಲರಿಗೂ ಕೃತಜ್ಞತೆಗಳು. ಅಳಿಯಂದಿರಿಗೆ ಓದಿ ಹೇಳಿದೆ, ಬಾಡಿಗೆ ರ‍್ಯಾಫ್ಟಿನ ಯೋಚನೆಯನ್ನು ಕೈಬಿಟ್ಟಿದ್ದಾರೆ. ಹಿಮ ಕಡಿಮೆಯಾದರೆ ಅಲ್ಲಿಯೇ ಬೇರೆ ನೀರು ಇದೆಯೇ?

ವರದಾಮೂಲ, ಸಾಗರ:

ಫೀನಿಕ್ಸ್‌ಗೆ ಹತ್ತಿರದಲ್ಲೇ ಸಗ್ವಾರೊ ಜಲಾಶಯದ ಕೆಳಗಿನ ಸಾಲ್ಟ್ ನದಿ ಇದೆ. ಅದು ಬಹುಮಟ್ಟಿಗೆ ಸೌಮ್ಯವಾದ ಹರಿವು, ಕಯಾಕ್‌ಗೆ ಚೆನ್ನ. ಆದರೆ ನೀರು ಅಣೆಕಟ್ಟೆಯಿಂದ ಬಿಟ್ಟಷ್ಟೇ, ಚಳಿಗಾಲದಲ್ಲಿ ತೀರ ಕಡಿಮೆ ಇರುತ್ತದೆ. ಮಾರ್ಚ್ ಕೊನೆಯ ಬಿಡುಗಡೆಯನ್ನು ವಿಚಾರಿಸಿಕೊಂಡೇ ಹೋಗಿ. ಮಗಳು ಅಳಿಯ ಮುಂದೆ ತಾವೇ ಕಲಿತು ಹೋಗುವುದಾದರೆ ಉಟಾದ ಸ್ಯಾನ್ ವಾನ್ ನದಿಯ ಸ್ಯಾಂಡ್ ಐಲ್ಯಾಂಡ್‌ನಿಂದ ಮೆಕ್ಸಿಕನ್ ಹ್ಯಾಟ್‌ವರೆಗಿನ ಸುಮಾರು 43 ಕಿಲೋಮೀಟರ್ ಭಾಗ ಒಳ್ಳೆಯದು; ಅಲ್ಲಿ ರಭಸ ಎರಡನೇ, ಮೂರನೇ ದರ್ಜೆಯದು, ಪರವಾನಗಿ ಮಾತ್ರ ಬೇಕು, ಬೇಡಿಕೆ ಹೆಚ್ಚಿರುವ ತಿಂಗಳುಗಳಲ್ಲಿ ಅದು ಲಾಟರಿಯಲ್ಲಿ ಸಿಗಬೇಕು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಆ ಕಡೆಯೂ ಗುಡುಗುಮಳೆ ಇರುತ್ತದೆ. ಎಲ್ಲೋ ದೂರ ಸುರಿದ ಮಳೆ ಒಣಹಳ್ಳದಲ್ಲಿ ಗೋಡೆಯಂತೆ ಬರುವುದರಿಂದ, ಆ ತಿಂಗಳುಗಳಲ್ಲಿ ಹಳ್ಳ ಬಂದು ಸೇರುವ ಬಾಯಲ್ಲಿ ಡೇರೆ ಹಾಕಬಾರದೆಂದು ಅವರಿಗೆ ಈಗಲೇ ಹೇಳಿಡಿ.